ಪಕ್ಕದ ಗುಡಿಯಲ್ಲಿ ಓದಿದ ಹೆಸರು

ನಮ್ಮ ಯಜಮಾನರು ಮಗನಿರುವ ಪರದೇಶದ ಊರು ಕ್ಲೇಟನ್‌ನಲ್ಲಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಶ್ರಾದ್ಧಕ್ಕೆ ಮೂರು ತಲೆಮಾರಿನ ಹೆಸರು ಬೇಕು. “ಅಮ್ಮಾ, ಮುತ್ತಾತನ ಹೆಸರು ಯಾರಿಗೂ ಗೊತ್ತಿಲ್ವಲ್ಲ!” ಎಂದು ಮಗ ಸುಘೋಷ್ ಪೇಚಾಡಿದ.

“ಗಂಡನ ಹೆಸರನ್ನೇ ಬಾಯಲ್ಲಿ ಆಡದವಳು ಕಣೋ ನಾನು. ಅವರ ತಾತನದನ್ನ ಎಲ್ಲಿಂದ ತರಲಿ?” ಎಂದೆ.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಗ್ರೀಕ್ ಮುದುಕಿ ಎಲೆನಿ ನನ್ನನ್ನು ತನ್ನ ಚರ್ಚಿಗೆ ಕರೆದೊಯ್ದಳು. ದೊಡ್ಡ ಗುಮ್ಮಟದ ಮಗ್ಗುಲಿಗೆ ಅಂಟಿಕೊಂಡ ಚಿಕ್ಕ ಗುಡಿಯೊಂದು ಸತ್ತವರ ಪ್ರಾರ್ಥನೆಗೆಂದೇ ಇತ್ತು. ಚೀಟಿಯಲ್ಲಿ ಬರೆದುಕೊಟ್ಟ ಹೆಸರುಗಳನ್ನು ಪಾದ್ರಿ ಅಲ್ಲಿ ಓದುತ್ತಾರೆ. ನಾನು ‘ತ್ರಿವಿಕ್ರಮ’ ಎಂದು ಯಜಮಾನರದೊಂದೇ ಹೆಸರು ಬರೆದೆ. ಅಭ್ಯಾಸಬಲದಿಂದ ಕನ್ನಡದಲ್ಲೇ ಬರೆದುಬಿಟ್ಟಿದ್ದೆ.

ಸತ್ತವರಿಗೆಂದು ಬೇಯಿಸಿದ ಗೋಧಿಯ ತಟ್ಟೆಯನ್ನು ಮುಂದಿಟ್ಟುಕೊಂಡು, ನಮಗೆ ಬೆನ್ನು ಮಾಡಿ ಪಾದ್ರಿ ಓದುತ್ತಿದ್ದರು. ನನ್ನ ಚೀಟಿ ಬಿಡಿಸಿದಾಗ ಕಾಲಡಿಯ ಕಲ್ಲು ಇದ್ದಕ್ಕಿದ್ದಂತೆ ತಣ್ಣಗಾಯಿತು. ನೆನೆದ ಎಳ್ಳಿನ ವಾಸನೆ ಬಂತು. ಒಂದಕ್ಷರವೂ ತೊಡರದೆ ದನಿ ಕೇಳಿಸಿತು: “ತ್ರಿವಿಕ್ರಮ. ವಾಸುದೇವ. ನಾಗಪ್ಪಯ್ಯ.”

ವಾಸುದೇವ ನಮ್ಮ ಮಾವನವರು. ಮೂರನೆಯ ಹೆಸರನ್ನು ನಾನೆಂದೂ ಕೇಳಿರಲಿಲ್ಲ.

ಮುಗಿದ ಮೇಲೆ ಪಾದ್ರಿಗೆ ಕೈಮುಗಿದೆ. ಅವರು ಸಂಕೋಚದಿಂದ ಚೀಟಿ ಹಿಂದಿರುಗಿಸಿ, “ಕ್ಷಮಿಸಿ ಅಮ್ಮ, ನಿಮ್ಮ ಅಕ್ಷರ ನನಗೆ ಓದಲು ಬರಲಿಲ್ಲ. ಅದನ್ನು ಬಿಡಿಸಿ ಹಿಡಿದು ಸುಮ್ಮನೆ ನಿಂತಿದ್ದೆ” ಎಂದರು.

ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡೆ. ಮುದಿ ಕಿವಿಯ ಭ್ರಮೆ ಎಂದುಕೊಂಡು ಹೇಗೋ ಕಾರು ಹತ್ತಿದೆ. ಎಲೆನಿ ಸೀಟ್ ಬೆಲ್ಟ್ ಎಳೆದುಕೊಳ್ಳುತ್ತ ಕೇಳಿದಳು:

“ನೀನು ಬರೆದದ್ದು ಒಂದೇ ಹೆಸರಲ್ಲವೇ, ಭಾಗೀರಥಿ? ಮತ್ತೆ ಈ ನಾಗಪ್ಪಯ್ಯ ಯಾರು?”