ಹಾಡು ನಿಂತರೆ ಬಾಗಿಲು ದೂಡಬೇಕು

ಅಕ್ಕನ ಮಗಳು ಹರ್ಷದಾ ಗೆಳತಿ ಪೂರ್ವಾಳ ಜೊತೆ ಕೋಥರೂಡ ಬಡಾವಣೆಯಲ್ಲಿ ಬಾಡಿಗೆಗೆ ಹಿಡಿದಿದ್ದ ಮನೆಯನ್ನು ನೋಡಲು ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಹೋಗಿದ್ದೆ. ಅಲ್ಲಿ ಮೊದಲಿದ್ದ ವಿದ್ಯಾರ್ಥಿನಿಯೊಬ್ಬಳು ಸ್ನಾನಕ್ಕೆ ಹೋದಾಗ ಗ್ಯಾಸ್ ಗೀಸರಿನ ವಿಷಗಾಳಿಯಿಂದ ಸತ್ತಿದ್ದಳು. ಹರ್ಷದಾ ಅಲ್ಲಿರಬಹುದೇ ಎಂದು ಅಕ್ಕ ಕೇಳಿದ್ದಳು.

"ಈಗ ಹೆದರಿಕಿ ಇಲ್ರಿ," ಎಂದು ಮನೆಯೊಡತಿ ರಂಗೂಬಾಯಿ ಬಚ್ಚಲು ತೋರಿಸಿದರು. ಗೀಸರ್ ಕಿತ್ತಿದ್ದರು. ಬಾಗಿಲಿನ ಒಳಚಿಲಕವನ್ನೂ ತೆಗೆದಿದ್ದರು. ತಿರುಪಿನ ತೂತುಗಳಷ್ಟೇ ಉಳಿದಿದ್ದವು.

"ಇನ್ನೊಂದ ರೂಲ್ ಅದ ಮಾಮಾ," ಎಂದಳು ಹರ್ಷದಾ. "ಜಳಕಾ ಮಾಡೋವಾಗ ಹಾಡ್ತಿರಬೇಕು. ಹಾಡ ನಿಂತ್ರ ಹೊರಗಿದ್ದವರು ಬಾಗಿಲಾ ದೂಡಬೇಕು. ನಮ್ಮ ಪೂರ್ವಾ ಹಾಡೋದ ಕೇಳಿದ್ರ ನೀವು ಊರಿಗೇ ಓಡಿ ಹೋಗ್ತೀರಿ!"

ಹರ್ಷದಾ ಹಾಲು ತರಲು ಹೋದಳು. ರಂಗೂಬಾಯಿಯೂ ಕೆಳಗಿಳಿದರು. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ನೀರಿನ ಸದ್ದು, ಜೊತೆಗೆ ಹಾಡು ಕೇಳಿತು. ಒಳಕೋಣೆಯಲ್ಲಿ ಮಲಗಿದ್ದ ಪೂರ್ವಾ ಎದ್ದು ಸ್ನಾನಕ್ಕೆ ಹೋಗಿರಬೇಕು ಎಂದುಕೊಂಡೆ. ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು, ಪ್ರತಿ ಸಲವೂ ಇನ್ನಷ್ಟು ನಿಧಾನವಾಗಿ. ಸಾಲಿನ ನಡುವೆಯೇ ಅದು ನಿಂತಿತು.

ಕೂಗಿದೆ. ಬಾಗಿಲು ದೂಡಿದೆ, ಒಳಗೆ ಚಿಲಕ ಹಾಕಿದಂತೆ ಅದು ಬಿಗಿಯಾಗಿತ್ತು. ಭುಜ ಕೊಟ್ಟು ದೂಡುತ್ತಿದ್ದಾಗ ಹರ್ಷದಾ ಮೆಟ್ಟಿಲೇರಿ ಬಂದಳು. ಅವಳ ಹಿಂದೆ ಹಾಲಿನ ಪಾಕೀಟು ಹಿಡಿದು ಪೂರ್ವಾ ನಿಂತಿದ್ದಳು.

"ಮಾಮಾ, ಒಳಗ ಯಾರ್ ಅದಾರ?"

ಆಗ ಬಾಗಿಲು ತಾನಾಗಿ ತೆರೆಯಿತು. ನೆಲ ಒಣಗಿತ್ತು. ಬಕೆಟ್ಟು ಬೋರಲಾಗಿತ್ತು. ಗೀಸರ್ ಇದ್ದ ಗೋಡೆಯ ಮೇಲೆ ಅಂಗೈ ಇಟ್ಟೆ. ಬಿಸಿಯಾಗಿತ್ತು.

ಅಂದೇ ಇಬ್ಬರನ್ನೂ ಅಲ್ಲಿಂದ ಬಿಡಿಸಿದೆ. ಸಾಮಾನು ಇಳಿಸುವಾಗ ರಂಗೂಬಾಯಿ ನನ್ನನ್ನು ಪಕ್ಕಕ್ಕೆ ಕರೆದರು.

"ಹಾಡ ನಿಂತಿತ್ತೇನ್ರಿ?"

ಹೌದೆಂದೆ.

"ಆ ಹುಡುಗಿ ಸತ್ತಾಗಿಂದ ಅಕಿ ಹಾಡ ಕೇಳಸ್ತದ. ಇಷ್ಟು ದಿನಾ ನಿಂತಿದ್ದಿಲ್ರಿ," ಎಂದರು.