ಏಳನೇ ಕಂತಿಗೆ ಒಂದೇ ಸ್ಟಾರ್

"ಗರ್‌ರ್‌ರ್... ನನ್ನ ಬೆಟ್ಟಕ್ಕೆ ಬಂದವರು ಯಾರು?" ಫುಮಿನೊ ಗಂಟಲು ಉಬ್ಬಿಸಿ ಡ್ರ್ಯಾಗನ್ ಆದಳು. ಮರುಕ್ಷಣವೇ ಮೂಗು ಹಿಡಿದುಕೊಂಡು, "ಸಾರಿ, ಅಡ್ರೆಸ್ ತಪ್ಪಾಯ್ತು" ಎಂದು ಪುಕ್ಕಲ ರಾಜಕುಮಾರನೂ ಆದಳು.

ಐದನೇ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪ್ರತಿ ಸೋಮವಾರ ಕ್ಲಾಸಿನ ಗೋಡೆಪತ್ರಿಕೆಯಲ್ಲಿ ಫುಮಿನೊ ಬರೆದ ಆನಿಮೆ ಕಾರ್ಟೂನುಗಳ ವಿಮರ್ಶೆ ಇರುತ್ತಿತ್ತು. ಅಂಟಿಸಿದ ಮೇಲೆ ಅವಳು ಅದನ್ನು ಓದುತ್ತಿದ್ದಳು. ಓದುವುದೇನು, ಆಡಿಯೇ ತೋರಿಸುತ್ತಿದ್ದಳು.

"'ಬೂದಿಬೆಟ್ಟದ ಡ್ರ್ಯಾಗನ್'ಗೆ ನಾಲ್ಕು ಸ್ಟಾರ್. 'ಉಕ್ಕಿನ ಮುಷ್ಟಿ'ಗೆ ಐದು. ಅದ್ರಲ್ಲಿ ಬರೀ ಏಟು. ಹಾಗಾಗಿ ಮಾತಿಗೆ ಮಾತು ಬೆಳೆಯಲ್ಲ. ಇನ್ನು ನಮ್ಮ ಕಾಮಿಡಿ, 'ಓಡೋ ಟೋಫು ಅಂಗಡಿ', ಏಳನೇ ಕಂತು."

ಅವಳು ನಿಂತಲ್ಲೇ ಮರಗಟ್ಟಿ, ಬಾಯಿ ತೆರೆದು, ಕಣ್ಣು ಮಿಟುಕಿಸದೆ ನಿಂತಳು. ನಗು ಇನ್ನೂ ಜೋರಾಯಿತು.

"ಟೋಫು ಮಾರೋ ತಾತ ಧೊಪ್ಪಂತ ಬೀಳ್ತಾನೆ. ಹಿಂದೆ ಹದಿನಾಲ್ಕು ಜನ ಹೀಗೇ ನಿಂತಿರ್ತಾರೆ. ಟೋಫುಗೂ ಅವರಿಗಿಂತ ಜೀವ ಜಾಸ್ತಿ. ಚಿತ್ರ ಬರೆದವರು ಮೈಗಳ್ಳರಲ್ಲ, ಕೈಗಳ್ಳರು. ಒಂದೇ ಸ್ಟಾರ್."

ಎಲ್ಲರೂ ಚಪ್ಪಾಳೆ ತಟ್ಟಿದರು. ಇಬುಕಿ ಮಾತ್ರ ತಟ್ಟಲಿಲ್ಲ. ಅವನು ಫುಮಿನೊಳ ಪಕ್ಕದ ಡೆಸ್ಕಿನವನು. ಅವಳ ಜೋಕಿಗೆ ಯಾವಾಗಲೂ ಎಲ್ಲರಿಗಿಂತ ಮೊದಲು ನಗುವವನು ಅವನೇ.

ಊಟವಾದ ಮೇಲೆ ಮಕ್ಕಳೆಲ್ಲ ಕ್ಲಾಸು ಗುಡಿಸುವ ಹೊತ್ತು. ಇಬುಕಿ ಪೊರಕೆ ಹಿಡಿದು ಒಂದೇ ಜಾಗವನ್ನು ಗುಡಿಸುತ್ತಿದ್ದ.

"ಏನೋ, ನೆಲ ತೂತು ಮಾಡ್ತೀಯಾ?" ಎಂದಳು ಫುಮಿನೊ.

"ಅದು ನಮ್ಮಮ್ಮ."

"ಯಾವುದು?"

"ಕೈಗಳ್ಳರು."

ಫುಮಿನೊ ಒದ್ದೆ ಬಟ್ಟೆಯನ್ನು ಹಿಂಡುವುದನ್ನೇ ಮರೆತಳು. "ನಿಮ್ಮಮ್ಮ ಆಫೀಸಿಗೆ ಹೋಗ್ತಾರಲ್ವಾ?"

"ಅದು ಆನಿಮೆ ಸ್ಟುಡಿಯೋ ಕಣೇ. ಕಂತಿನ ಕೊನೇಲಿ ಹೆಸರು ಬರತ್ತಲ್ಲ, ನೋಡಿಲ್ವಾ? ಅಮ್ಮ ಅಲ್ಲಿ ತವರಿನ ಹೆಸರು ಇಟ್ಕೊಂಡಿದ್ದಾಳೆ. ಸಕುರಬಾ."

ಫುಮಿನೊ ನೋಡಿರಲಿಲ್ಲ. ಕೊನೆಯ ಹಾಡು ಶುರುವಾದರೆ ಸಾಕು, ಅವಳ ಬೆರಳು ಮುಂದಿನ ಕಂತಿಗೆ ಹಾರುತ್ತಿತ್ತು.

"ಶನಿವಾರ ಅಪ್ಪ ಅಮ್ಮಂದಿರು ಬಂದು ಪಾಠ ನೋಡೋ ದಿನ" ಎಂದ ಇಬುಕಿ. "ಅಮ್ಮ ಇದೇ ಮೊದಲ ಸಲ ರಜ ಹಾಕಿ ಬರ್ತಿದ್ದಾಳೆ." ಪೊರಕೆಯನ್ನು ಮೂಲೆಗಿಟ್ಟ. ಅವತ್ತು ಮನೆಗೆ ಒಬ್ಬನೇ ಹೋದ.

ಫುಮಿನೊ ಟೀಚರ್ ಹತ್ತಿರ ಓಡಿದಳು. "ಹಿರಾನುಮಾ ಟೀಚರ್, ನನ್ನ ವಿಮರ್ಶೆ ಕಿತ್ತುಬಿಡ್ಲಾ?"

"ಗೋಡೆಗೆ ಅಂಟಿಸಿದ ಮೇಲೆ ಅದು ಪತ್ರಿಕೆ ಕಣಮ್ಮ. ಪತ್ರಿಕೆಯೋರು ತಪ್ಪು ಬರೆದ್ರೆ ಕಿತ್ತು ಹಾಕ್ತಾರಾ? ತಿದ್ದುಪಡಿ ಹಾಕ್ತಾರೆ."

"ಆದ್ರೆ ಜನ ಅಲ್ಲಾಡಿಲ್ಲ ಅನ್ನೋದು ನಿಜ, ಟೀಚರ್."

"ಹಾಗಾದ್ರೆ ತಪ್ಪು ಎಲ್ಲಿದೆ ಅಂತ ನೀನೇ ಹುಡುಕು. ನಾನು ಟೋಫು ತಿಂದಿದ್ದೀನಿ, ನೋಡಿಲ್ಲ."

ಮನೆಗೆ ಬಂದವಳೇ ಫುಮಿನೊ ಏಳನೇ ಕಂತು ಹಾಕಿದಳು. ಹದಿನಾಲ್ಕು ಜನ ಈಗಲೂ ಕಂಬಗಳ ಹಾಗೆ ನಿಂತಿದ್ದರು. ಅವಳು ರಿಮೋಟ್ ಒತ್ತಿ, ತಾತ ಬೀಳುವುದನ್ನು ಒಂದೊಂದೇ ಚಿತ್ರವಾಗಿ ನೋಡಿದಳು.

ಬಿದ್ದದ್ದು ಎರಡೇ ಸೆಕೆಂಡು. ಚಿತ್ರ ನಲವತ್ತೆಂಟು.

ಒಂದರಲ್ಲಿ ಮರದ ಚಪ್ಪಲಿ ಕಾಲು ಬಿಡುತ್ತಿತ್ತು. ಇನ್ನೊಂದರಲ್ಲಿ ಕಾಲಿನ ಬೆರಳುಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು. ತಾತನ ತಲೆ ಕೆಳಗಾದಾಗಲೂ ಎರಡು ಕೈ ಮಾತ್ರ ಟೋಫು ತಟ್ಟೆಯನ್ನು ಮೇಲೆತ್ತಿ ಹಿಡಿದಿದ್ದವು. ಮಗುವನ್ನು ಎತ್ತಿ ಹಿಡಿದ ಹಾಗೆ.

ಅವಳು ನೂರು ಸಲ ನಕ್ಕಿದ್ದ ಜಾಗ ಅದು. ಕೈಗಳನ್ನು ನೋಡಿದ್ದು ಇವತ್ತೇ.

ಪೆನ್ಸಿಲ್ ತೆಗೆದುಕೊಂಡು ಒಂದೇ ಒಂದು ಕೈ ಬರೆಯಲು ಕುಳಿತಳು. ಅರ್ಧ ಗಂಟೆಯಾಯಿತು. ಕೈ ಹೋಗಿ ಶುಂಠಿ ಆಗಿತ್ತು. ಹೀಗೆ ಇನ್ನು ನಲವತ್ತೇಳು. ಫುಮಿನೊ ಶುಂಠಿಯನ್ನೂ ತನ್ನ ಕೈಯನ್ನೂ ನೋಡಿದಳು.

ಆಮೇಲೆ ಕೊನೆಯ ಹಾಡನ್ನು ಪೂರ್ತಿ ಕೇಳಿದಳು. ಹೆಸರುಗಳು ಓಡುತ್ತಿದ್ದವು. ಸಕುರಬಾ ಎಷ್ಟು ಬೇಗ ಬಂದು ಹೋಯಿತೆಂದರೆ, ಅವಳು ಮೂರು ಸಲ ಹಿಂದೆ ಹೋಗಬೇಕಾಯಿತು.

ಮಾರನೆಯ ದಿನ ವಿಮರ್ಶೆಯ ಕೆಳಗೆ ಒಂದು ಚೀಟಿ ಅಂಟಿತು.

"ತಿದ್ದುಪಡಿ: ಏಳನೇ ಕಂತಿನಲ್ಲಿ ಗುಂಪು ಅಲ್ಲಾಡುವುದಿಲ್ಲ. ಆದರೆ ಚಿತ್ರ ಬರೆದವರು ಕೈ ಕೊಟ್ಟಿಲ್ಲ. ಇದ್ದ ಕೈಯನ್ನೆಲ್ಲ ತಾತನಿಗೆ ಕೊಟ್ಟಿದ್ದಾರೆ. ಗುಂಪಿಗೆ ಒಂದು ಸ್ಟಾರ್, ಬಿದ್ದದ್ದಕ್ಕೆ ಐದು. ಅವರು ಕೈಗಳ್ಳರಲ್ಲ. ನಾನೇ ಕಣ್ಗಳ್ಳಿ."

ಇಬುಕಿ ಅದನ್ನು ಓದಿ, "ಹ್ಞೂಂ" ಎಂದ. ಅಷ್ಟೇ.

ಶನಿವಾರ ಪಾಠ ಮುಗಿದ ಮೇಲೆ ಅಮ್ಮಂದಿರು ಗೋಡೆಯ ಹತ್ತಿರ ಸೇರಿದರು. ಇಬುಕಿಯ ಅಮ್ಮ ಗೋಡೆಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ, ಒಂದಕ್ಷರ ಬಿಡದೆ ಓದಿದರು. ಓದಿ ಮುಗಿಸಿ ಫುಮಿನೊಳ ಕಡೆ ತಿರುಗಿದರು.

"ಇದನ್ನ ಬರೆದಿದ್ದು ನೀನೇನಾ?"

"ಹೌದು, ಆಂಟಿ."

"ಇದರಲ್ಲಿ ಇನ್ನೂ ಒಂದು ತಪ್ಪಿದೆ" ಎಂದರು ಅವರು ಗಂಭೀರವಾಗಿ. "ಹದಿನಾಲ್ಕು ಜನ ಅಲ್ಲ, ಹದಿನೈದು. ಅಂಗಡಿ ಬಾಗಿಲ ಸಂದೀಲಿ ಒಬ್ಬ ಇದ್ದಾನೆ. ಅವನು ಆಕಳಿಸ್ತಾನೆ. ಪಾಪ, ಅಲ್ಲಾಡಿಸೋಕೆ ನಂಗೆ ಟೈಮ್ ಸಿಕ್ಕಿದ್ದು ಅವನೊಬ್ಬನನ್ನೇ."

ಇಬುಕಿ ಕಿಸಕ್ಕೆಂದ. ಆಮೇಲೆ ತಡೆಯಲಾರದೆ ಜೋರಾಗಿ ನಕ್ಕ. ಎಲ್ಲರಿಗಿಂತ ಮೊದಲು ಅವನೇ.

"ಆ ಕೈಗಳಿಗೆ ಆರು ದಿನ ಹಿಡೀತು" ಎಂದರು ಅಮ್ಮ. "ಇಷ್ಟು ಹತ್ತಿರದಿಂದ ಯಾರೂ ನೋಡಲ್ಲ ಅಂದ್ಕೊಂಡಿದ್ದೆ. ನೋಡಿದ್ದಕ್ಕೆ ತುಂಬಾ ಥ್ಯಾಂಕ್ಸ್." ಹೇಳಿ, ದೊಡ್ಡವರಿಗೆ ಬಾಗುವ ಹಾಗೆ ಪೂರ್ತಿ ಬಾಗಿದರು.

ಫುಮಿನೊ "ಸಾರಿ" ಎಂದು ಹೇಳಲು ನಾಲ್ಕು ದಿನದಿಂದ ಅಭ್ಯಾಸ ಮಾಡಿದ್ದಳು. ಬಾಯಿಂದ ಬಂದದ್ದು ಬೇರೆ. ಯಾರ ದನಿಯೂ ಅಲ್ಲ, ಅವಳದೇ ಸಣ್ಣ ದನಿ.

"ಆ ಕೈಗಳನ್ನ ಬರೆದಿದ್ದಕ್ಕೆ ಥ್ಯಾಂಕ್ಸ್."

ಅವಳೂ ಬಾಗಿದಳು. ತಲೆ ತಗ್ಗಿಸಿದಾಗ ಇಬುಕಿಯ ಅಮ್ಮನ ಕೈ ಎದುರಿಗೇ ಕಂಡಿತು. ನಡುಬೆರಳಿನ ಮೇಲೆ ಗಟ್ಟಿ ಗಂಟು. ಅಂಗೈಯ ಅಂಚಿನಲ್ಲಿ, ಎಷ್ಟು ತೊಳೆದರೂ ಹೋಗದ ಪೆನ್ಸಿಲ್ ಕಪ್ಪು.

ಬಾಗಿದ್ದು ಸಾಕು ಎಂದು ಇಬುಕಿ ಅವಳ ತೋಳು ಎಳೆದ. ಫುಮಿನೊ ಇನ್ನೂ ಸ್ವಲ್ಪ ಹೊತ್ತು ಹಾಗೇ ಇದ್ದಳು.