ಎರಡು ಜಡೆಯ ಆನೆ

ಶನಿವಾರ ಬೆಳಿಗ್ಗೆ ಹತ್ತೂ ಇಪ್ಪತ್ತು. ಮನೆಯ ಕಂಪ್ಯೂಟರಿನಲ್ಲಿ ಒಂದೇ ಒಂದು ಫೈಲೂ ಇರಲಿಲ್ಲ.

ಕಂಪ್ಯೂಟರ್ ರಿಪೇರಿ ಮಾಡುವ ಮಾವ ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಿ ಮುಗಿಸಿದ್ದರು. ಪರದೆ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

ಕುರ್ಚಿಯ ಹಿಂದೆ ಗಿರಗಿಟ್ಲೆ ಉಗುರು ಕಚ್ಚುತ್ತ ನಿಂತಿದ್ದಳು. ಒಂದು ಕಡೆ ನಿಲ್ಲಲು ಬಾರದ ಹುಡುಗಿಗೆ ಮನೆಯವರು ಇಟ್ಟ ಹೆಸರದು. ಇವತ್ತು ಮಾತ್ರ ಅವಳ ಕಾಲು ನೆಲಕ್ಕೆ ಅಂಟಿಕೊಂಡಿತ್ತು.

ಗುರುವಾರ ನಡೆದದ್ದು ಇಷ್ಟು. ಅವಳ ತಮ್ಮ ಒಂದು ತಿಂಗಳು ಕೂತು, ಇನ್ನೂರ ಹನ್ನೆರಡು ಚಿತ್ರ ಬರೆದು, ಆನೆ ಸೈಕಲ್ ಹೊಡೆಯುವ ಕಾರ್ಟೂನ್ ಮಾಡಿದ್ದ. ಸೋಮವಾರ ಕ್ಲಾಸಿನಲ್ಲಿ ತೋರಿಸಬೇಕಿತ್ತು. ಕೊನೆಯ ಮೂವತ್ತು ಚಿತ್ರಗಳಲ್ಲಿ ಆನೆಗೆ ಎರಡು ಜಡೆ ಬಂದಿದ್ದವು, ಥೇಟ್ ಅಕ್ಕನ ಹಾಗೆ. ಅಕ್ಕನಿಗೆ ಮೈಯೆಲ್ಲ ಉರಿಯಿತು. ಫೈಲ್ ಅಳಿಸಿದಳು. ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದಳು. ತಮ್ಮ ಅತ್ತಾಗ, ವೈರಸ್ ತಿಂದಿರಬೇಕು ಅಂದುಬಿಟ್ಟಳು.

ಮಾವ ಆ ಮಾತು ನಂಬಿ ಇಡೀ ಕಂಪ್ಯೂಟರನ್ನೇ ಬುಡಸಮೇತ ತೊಳೆದರು. ಈಗ ಆನೆಯ ಜೊತೆಗೆ, ಹೊಲಿಗೆ ಮಾಡುವ ಅಮ್ಮನ ನೂರ ನಲವತ್ತು ಗಿರಾಕಿಗಳ ಅಳತೆಯೂ ಹೋಗಿತ್ತು.

ಅಮ್ಮ ಮಾತ್ರ ನಿಶ್ಚಿಂತೆಯಿಂದ ಹೊಲಿಗೆ ಮಷೀನಿನ ಡ್ರಾಯರ್ ಎಳೆದು, ದಾರದ ಉಂಡೆಗಳ ನಡುವಿನಿಂದ ಹಾರ್ಡ್ ಡಿಸ್ಕ್ ತೆಗೆದಳು. ಪ್ರತಿ ಶನಿವಾರ ಮಷೀನಿಗೆ ಎಣ್ಣೆ ಬಿಟ್ಟ ಮೇಲೆ ಬ್ಯಾಕಪ್ ತೆಗೆಯುವುದು ಅವಳ ರೂಢಿ. ಡಿಸ್ಕಿಗೂ ಎಣ್ಣೆ ವಾಸನೆ.

ಮಾವ ಅದನ್ನು ಸಿಕ್ಕಿಸಿ ರೀಸ್ಟೋರ್ ಒತ್ತಿದರು. ಇನ್ನು ಮೂರು ನಿಮಿಷ ಎಂದಿತು ಪರದೆ. ಆಮೇಲೆ ಎರಡು ಗಂಟೆ ಎಂದಿತು. ಆಮೇಲೆ ಹನ್ನೊಂದು ನಿಮಿಷ. ಇದಕ್ಕಿಂತ ನಮ್ಮ ಬಸ್ ಡ್ರೈವರ್ ವಾಸಿ ಎಂದು ಮಾವ ಗೊಣಗಿದರು.

ತೊಂಬತ್ತೊಂಬತ್ತು ಪರ್ಸೆಂಟಿಗೆ ಬಂದು ನಿಂತಿತು. ತಮ್ಮ ಮೂಗು ಪರದೆಗೆ ತಾಗುವಷ್ಟು ಬಗ್ಗಿದ. ಟಿಣ್.

'ಆನೆ' ಫೋಲ್ಡರ್ ಅಲ್ಲೇ ಇತ್ತು. ಗಿರಗಿಟ್ಲೆ ಗಿರ್ರನೆ ಮೂರು ಸುತ್ತು ಸುತ್ತಿ, ಅಮ್ಮ ಅರ್ಧ ಹೊಲಿದ ಕೋಟು ತೊಡಿಸಿಟ್ಟಿದ್ದ ಆಳೆತ್ತರದ ಗೊಂಬೆಗೆ ಗುದ್ದಿ, ಅದನ್ನು ತಬ್ಬಿಕೊಂಡೇ ಬಿದ್ದಳು. ತಮ್ಮ ಬಂದು ಇಬ್ಬರ ಮೇಲೂ ಬಿದ್ದ.

ಕಾರ್ಟೂನ್ ಶುರುವಾಯಿತು. ಆನೆ ಸೈಕಲ್ ಹತ್ತಿತು, ಬೆಲ್ ಹೊಡೆಯಿತು, ಇಳಿಜಾರಿನಲ್ಲಿ ಹಾರಿತು. ಗಾಳಿಯಲ್ಲೇ ನಿಂತುಬಿಟ್ಟಿತು.

"ಕಳೆದ ಶನಿವಾರದ ಬ್ಯಾಕಪ್ ಕಣಪ್ಪ, ಅಲ್ಲಿವರೆಗಿನದ್ದು ಮಾತ್ರ ಬರತ್ತೆ," ಅಂದರು ಮಾವ. ಜಡೆಯ ಮೂವತ್ತು ಚಿತ್ರಗಳು ಬಂದಿರಲಿಲ್ಲ.

ತಮ್ಮ ನಗುವುದನ್ನು ನಿಲ್ಲಿಸಿದ. ಗಿರಗಿಟ್ಲೆ ಅವನ ಮುಖ ನೋಡಿದಳು.

"ವೈರಸ್ ಅಲ್ಲ ಕಣೋ. ಅಳಿಸಿದ್ದು ನಾನು."

"ಗೊತ್ತು," ಅಂದ ತಮ್ಮ. "ವೈರಸ್ಸು ನನ್ನ ಆನೇನ ಮಾತ್ರ ಹುಡುಕಿ ತಿಂದು, ರೀಸೈಕಲ್ ಬಿನ್ನೂ ಗುಡಿಸಿ ಹೋಗತ್ತಾ?"

"ಹಾಗಾದ್ರೆ ಬೆಳಿಗ್ಗೆಯಿಂದ ನಾನು ಹಿಡೀತಿದ್ದದ್ದು ಯಾರನ್ನ?" ಎಂದು ಮಾವ ಸೂರು ನೋಡಿದರು. ಅಮ್ಮನ ಮಷೀನಿನ ಚಕ್ರ ಒಂದು ಗಳಿಗೆ ನಿಂತು, ಮತ್ತೆ ತಿರುಗಿತು. ಮೊದಲು ನಕ್ಕದ್ದು ತಮ್ಮ.

ಗಿರಗಿಟ್ಲೆ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು.

ಭಾನುವಾರ ಸಂಜೆಗೆ ಮೂವತ್ತು ಚಿತ್ರಗಳೂ ಮುಗಿದವು. ಆನೆ ಬರೆದದ್ದು ತಮ್ಮ. ಜಡೆ ಬರೆದದ್ದು ಅಕ್ಕ. ಎರಡಕ್ಕೂ ಕೆಂಪು ರಿಬ್ಬನ್ ಕಟ್ಟಿದಳು.